ಕಾದಿಟ್ಟದ್ದು ಯಾರ ಪಾಲಿಗೆ?

ಸಮಾವೇಶದ ಸ್ಮರಣ ಸಂಚಿಕೆಗೆ ಚಿಂತನಪರವಾದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾವು ಎಂದಿನಂತೆ ನೀಲಗಿರಿಯ ಕನ್ನಡಿಗರ ಬವಣೆಯನ್ನೋ ಮಕ್ಕಳ ಮಾತೃಭಾಷಾ ಶಿಕ್ಷಣವನ್ನೋ ಕುರಿತು ಬರೆದುಕೊಡುತ್ತೇವೆಂದು ಅವರು ಎಣಿಸಿದ್ದಿರಬೇಕು. ಈ ವರ್ಷ ನಮ್ಮ ಮನಸ್ಸಿನಲ್ಲಿ ಕುಳಿತಿರುವುದು ಬೇರೆಯೇ ಒಂದು ವಸ್ತು. ಹೇಳಿದರೆ ಹಿರಿಯ ಸದಸ್ಯರು ಹುಬ್ಬೇರಿಸಿಯಾರು: ಕಪ್ಪು ಬಿಯರ್. ಅದನ್ನು ಕೊಂಡು ತಂದು, ಕುಡಿಯದೆ, ಮನೆಯಲ್ಲಿ ವರ್ಷಗಟ್ಟಲೆ ಹಣ್ಣಾಗಲು ಬಿಡುವ ಒಂದು ಹವ್ಯಾಸವುಂಟು. ಆ ಹವ್ಯಾಸವು ನಮ್ಮ ಕುಟುಂಬದೊಳಗೆ ಎಬ್ಬಿಸಿದ ಪ್ರಶ್ನೆಯೇ ಈ ಬರಹ.

ನಾವು ಮದ್ಯಪಾನಿಗಳಲ್ಲ. ಕುಡಿತದಿಂದ ಮುರಿದ ಮನೆಗಳನ್ನು ಚಹಾ ತೋಟದ ಲೈನುಗಳಲ್ಲಿ ಕಣ್ಣಾರೆ ಕಂಡವರು. ಅದರ ಗುಣದೋಷಗಳ ಚರ್ಚೆಗೆ ಇದು ಸ್ಥಳವಲ್ಲವೆಂದು ಮಾತ್ರ ಹೇಳಿ ಮುಂದುವರಿಯುತ್ತೇವೆ. ಯಾವುದೇ ಪದಾರ್ಥವನ್ನು ಮುಂದೊಂದು ದಿನಕ್ಕೆಂದು ತೆಗೆದಿರಿಸುವಾಗ ನಾವು ಯಾರಿಗೆ ಏನು ಮಾತು ಕೊಟ್ಟಂತಾಗುತ್ತದೆ, ಆ ಮಾತು ಎಂದಿನವರೆಗೆ ಊರ್ಜಿತ ಎಂಬುದೇ ನಮ್ಮ ವಿಚಾರ.

ನಮ್ಮ ಅಣ್ಣನ ಮಗ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿದ್ದಾನೆ. ಅವನ ಮನೆಯ ಮೆಟ್ಟಿಲಿನ ಕೆಳಗೆ ಕಿಟಕಿಯಿಲ್ಲದ ಒಂದು ಗೂಡು. ನಮ್ಮಲ್ಲಾದರೆ ಸೌದೆ ತುಂಬುತ್ತಿದ್ದೆವು. ಅಲ್ಲಿ ಸುಮಾರು ಅರವತ್ತು ಬಾಟಲಿಗಳು ನೆಟ್ಟಗೆ ನಿಂತಿವೆ. ಒಂದೊಂದರ ಕೊರಳಿಗೂ ದಾರದಲ್ಲಿ ಕಟ್ಟಿದ ಚೀಟಿ. ಅದರಲ್ಲಿ ಬಿಯರಿನ ಹೆಸರು, ಕೊಂಡ ವರ್ಷ, ಕೆಳಗೆ 'ಇಂಥ ವರ್ಷದ ನಂತರ' ಎಂಬ ಒಂದು ಸಾಲು. ಎಲ್ಲವೂ ಕನ್ನಡ ಅಕ್ಷರದಲ್ಲಿ. ಬಂದ ಗೆಳೆಯರು ಓದಿ ಆಸೆಪಡಬಾರದೆಂದು ಹಾಗೆ ಬರೆದಿದ್ದಾನಂತೆ. ಪರದೇಶದಲ್ಲಿ ನಮ್ಮ ಲಿಪಿಗೆ ಇಂಥದೊಂದು ಉಪಯೋಗ ಉಂಟೆಂದು ಯಾವ ಭಾಷಣಕಾರರೂ ಈವರೆಗೆ ಹೇಳಿದ್ದಿಲ್ಲ.

ಬಿಯರು ಹಳತಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ ಎಂದು ಮೊದಲ ದಿನವೇ ಅವನು ನಮ್ಮನ್ನು ತಿದ್ದಿದ. ನೂರಕ್ಕೆ ತೊಂಬತ್ತು ಪಾಲು ಬಿಯರು ಹಾಲಿನ ಜಾತಿಯದು; ತಾಜಾ ಇರುವಾಗಲೇ ಮುಗಿಸಬೇಕು. ಹಾಪ್ಸ್ ಹೂವಿನ ಪರಿಮಳವನ್ನೇ ನೆಚ್ಚಿದ ಬಿಯರಂತೂ ಕೆಲವೇ ತಿಂಗಳಲ್ಲಿ ಸಪ್ಪೆಯಾಗುತ್ತದೆ. ಇಟ್ಟರೆ ಬಾಳುವುದು ಕೆಲವು ಮಾತ್ರ. ಮದ್ಯಸಾರದ ಅಂಶ ಶೇಕಡ 8ಕ್ಕಿಂತ ಹೆಚ್ಚಿರುವ, ಹುರಿದ ಬಾರ್ಲಿಯಿಂದ ಕಪ್ಪಾದ, ಸಿಹಿ ಉಳಿಸಿಕೊಂಡ ಗಟ್ಟಿ ಬಿಯರುಗಳು: ಇಂಪೀರಿಯಲ್ ಸ್ಟೌಟ್, ಬಾರ್ಲಿವೈನ್, ಬೆಲ್ಜಿಯಮ್ಮಿನ ಮಠಗಳ ಕಡುಗಂದು ಬಿಯರು. ಇವನ್ನು ಹತ್ತರಿಂದ ಹದಿಮೂರು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಕತ್ತಲೆಯಲ್ಲಿ, ಅಲುಗಾಡಿಸದೆ ಇಡಬೇಕು. ಬೆಳಕು ಬಿದ್ದರೆ ಹಾಪ್ಸಿನ ಕಹಿ ಒಡೆದು ದುರ್ವಾಸನೆ ಹುಟ್ಟುತ್ತದೆ. ಬಾಟಲಿ ಕಂದು ಬಣ್ಣದ್ದಾಗಿರುವುದು ಅದಕ್ಕೇ.

ಒಳಗೆ ನಡೆಯುವುದಾದರೂ ಏನು? ಮುಚ್ಚಳದ ಕೆಳಗೆ ಉಳಿದ ಒಂದಿಷ್ಟು ಗಾಳಿಯ ಆಮ್ಲಜನಕ ನಿಧಾನವಾಗಿ ಕೆಲಸ ಮಾಡುತ್ತದೆ. ಮೊದಲ ವರ್ಷ ಮದ್ಯಸಾರದ ಉರಿ ತಗ್ಗುತ್ತದೆ. ಕಹಿ ವರ್ಷವರ್ಷಕ್ಕೂ ಹಿಂದೆ ಸರಿಯುತ್ತದೆ. ಹುರಿದ ಕಾಳಿನ ಒರಟುತನ ಕಳೆದು ಒಣದ್ರಾಕ್ಷಿ, ಖರ್ಜೂರ, ಹಳೆಯ ತೊಗಲು, ಕಾಕಂಬಿ ಇವುಗಳ ನೆನಪು ತರುವ ವಾಸನೆ ಮೂಡುತ್ತದೆ. ಆದರೆ ಆ ಆಮ್ಲಜನಕ ಅಲ್ಲಿಗೇ ಕೈಕಟ್ಟಿ ಕೂರುವುದಿಲ್ಲ. ಹಣ್ಣು ಮಾಡಿದ ಕೈಯೇ ಕೊಳೆಯಿಸುತ್ತದೆ. ಒಂದು ಹಂತ ದಾಟಿದ ಮೇಲೆ ಬಾಯಿಗೆ ಒದ್ದೆ ರಟ್ಟಿನ ರುಚಿ ತಾಗುತ್ತದೆ. ತಳದಲ್ಲಿ ಕುಳಿತ ಯೀಸ್ಟು ಸತ್ತು ತಾನೇ ಕರಗಿ ಸೋಯಾ ಸಾಸಿನ ಉಪ್ಪುವಾಸನೆ ಬಿಡುತ್ತದೆ. ಏರುವ ದಾರಿಯೂ ಇಳಿಯುವ ದಾರಿಯೂ ಒಂದೇ, ನಡುವಿನ ಶಿಖರ ಎಲ್ಲಿ ಬಂತೆಂದು ಹೊರಗಿನಿಂದ ಕಾಣುವುದಿಲ್ಲ. ತಿಳಿಯಬೇಕಾದರೆ ಬಾಟಲಿ ತೆರೆಯಬೇಕು. ತೆರೆದ ಮೇಲೆ ಮತ್ತೆ ಇಡುವಂತಿಲ್ಲ. ಆದ್ದರಿಂದ ತಿಳಿದವರು ಒಂದೇ ಬಿಯರಿನ ಆರು ಬಾಟಲಿ ಕೊಂಡು ವರ್ಷಕ್ಕೊಂದು ತೆರೆದು ನೋಡುತ್ತಾರೆ. ಒಂದೇ ಒಂದನ್ನು ಇಟ್ಟವನ ಪಾಡು ಬೇರೆ.

ಈ ಕಾಯುವಿಕೆ ಹೊಸದೇನಲ್ಲ. 18ನೆಯ ಶತಮಾನದ ಲಂಡನ್ನಿನಲ್ಲಿ ಕೂಲಿಯಾಳುಗಳು ಕುಡಿಯುತ್ತಿದ್ದ ಪೋರ್ಟರ್ ಎಂಬ ಕಪ್ಪು ಬಿಯರನ್ನು ತಯಾರಕರು ತಿಂಗಳುಗಟ್ಟಲೆ ಭಾರಿ ಮರದ ತೊಟ್ಟಿಗಳಲ್ಲಿ ಹದಕ್ಕೆ ಬಿಡುತ್ತಿದ್ದರು. ಅದರ ಬಲಿಷ್ಠ ರೂಪವನ್ನು ಸದರ್ಕ್ ಬಡಾವಣೆಯ ಥ್ರೇಲ್ ಬ್ರೂವರಿ ರಷ್ಯದ ರಾಣಿ ಎರಡನೆಯ ಕ್ಯಾಥರೀನಳ ಆಸ್ಥಾನಕ್ಕೆ ಕಳುಹಿಸುತ್ತಿತ್ತು. 'ಇಂಪೀರಿಯಲ್' ಎಂಬ ಬಿರುದು ಅಲ್ಲಿಂದ ಬಂದುದು. 1781ರಲ್ಲಿ ಆ ಬ್ರೂವರಿ ಮಾರಾಟವಾದಾಗ ಮೃತ ಮಾಲೀಕನ ಉಯಿಲಿನ ನಿರ್ವಾಹಕರಲ್ಲಿ ಒಬ್ಬರು ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್. ನಿಘಂಟು ಕಟ್ಟುವವರಿಗೂ ಸಂಗ್ರಹಕ್ಕೂ ಏನೋ ನಂಟಿರಬೇಕು. 1968ರಲ್ಲಿ, ಕಾದಂಬರಿಕಾರ ಥಾಮಸ್ ಹಾರ್ಡಿ ತೀರಿಕೊಂಡು ನಲವತ್ತು ವರ್ಷವಾದ ನೆನಪಿಗೆ, ಡಾರ್ಚೆಸ್ಟರ್ ಊರಿನ ಎಲ್ಡ್ರಿಜ್ ಪೋಪ್ ಬ್ರೂವರಿ ಅವರ ಹೆಸರಿನ ಒಂದು ಗಟ್ಟಿ ಬಿಯರನ್ನು ತಯಾರಿಸಿತು. ಇಪ್ಪತ್ತೈದು ವರ್ಷದವರೆಗೂ ಬಾಟಲಿಯಲ್ಲೇ ಸುಧಾರಿಸುತ್ತದೆಂದು ಹೇಳಿ ಮಾರಿತು. ಕೊಂಡವನು ಆ ಇಪ್ಪತ್ತೈದು ವರ್ಷ ಇರುತ್ತಾನೆಯೇ ಎಂಬುದನ್ನು ಯಾವ ಚೀಟಿಯೂ ಹೇಳಲಾರದು.

ಕೂಡಿಡುವುದು ಅಳತೆ ಮೀರಿದರೆ ಏನಾಗುತ್ತದೆಂಬುದಕ್ಕೂ ಲಂಡನ್ನಿನಲ್ಲೇ ಒಂದು ಸಾಕ್ಷಿಯಿದೆ. 1814ರ ಅಕ್ಟೋಬರ್ 17ರಂದು ಹಾರ್ಸ್ ಶೂ ಬ್ರೂವರಿಯಲ್ಲಿ ಹತ್ತು ತಿಂಗಳು ಹದವಾಗಿದ್ದ ಪೋರ್ಟರ್ ತುಂಬಿದ, 22 ಅಡಿ ಎತ್ತರದ ತೊಟ್ಟಿಯ ಕಬ್ಬಿಣದ ಪಟ್ಟಿಯೊಂದು ಕಳಚಿತು. ಉಗ್ರಾಣದ ಗುಮಾಸ್ತ ನೋಡಿದ. ಹಾಗೆ ಕಳಚುವುದು ಆಗಾಗ ಇದ್ದದ್ದೇ. ಮುಂದೆ ಸರಿಪಡಿಸಿದರಾಯಿತೆಂದು ಚೀಟಿ ಬರೆದ. ಆ ಚೀಟಿ ಅವನ ಕೈಯಲ್ಲಿರುವಾಗಲೇ ತೊಟ್ಟಿ ಒಡೆಯಿತು. ಹಿಂದಿನ ಗೋಡೆ ಮುರಿದು ನುಗ್ಗಿದ ಪ್ರವಾಹ ಬಡವರ ಕೇರಿಗೆ ಹರಿದು ಎಂಟು ಮಂದಿ ಸತ್ತರು. ಅವರಲ್ಲಿ ಹಿಂದಿನ ದಿನ ತೀರಿಕೊಂಡ ಎರಡು ವರ್ಷದ ಮಗುವಿನ ಶವದ ಪಕ್ಕ ಕುಳಿತಿದ್ದವರೂ ಇದ್ದರು. ವಿಚಾರಣೆಯಲ್ಲಿ ಅದು ಆಕಸ್ಮಿಕವೆಂದಾಯಿತು. ನಷ್ಟವಾದ ಬಿಯರಿನ ಮೇಲೆ ಕಟ್ಟಿದ್ದ ಸುಂಕವನ್ನು ಸರಕಾರ ಕಂಪನಿಗೆ ಹಿಂದಿರುಗಿಸಿತು. ಈ ಪ್ರಸಂಗ ಓದಿದಂದಿನಿಂದ 'ಮುಂದೆ ನೋಡೋಣ' ಎಂದು ಬರೆದ ಯಾವುದೇ ಚೀಟಿಯನ್ನು ಕಂಡರೂ ನಮಗೆ ಸಣ್ಣ ಭಯ.

ನಮ್ಮ ಬೆಟ್ಟಕ್ಕೂ ಬಿಯರಿಗೂ ಸಂಬಂಧವಿಲ್ಲದೆ ಇಲ್ಲ. 19ನೆಯ ಶತಮಾನದಲ್ಲಿ ಬ್ರಿಟಿಷರು ಇಲ್ಲಿಯ ತಂಪನ್ನು ನೆಚ್ಚಿಯೇ ಬ್ರೂವರಿಗಳನ್ನು ತೆರೆದರು. ಅರವಂಕಾಡಿನ ಕ್ಯಾಸಲ್ ಬ್ರೂವರಿ ಅವುಗಳಲ್ಲೊಂದು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಇಂಥ ಕೆಲವು ಬ್ರೂವರಿಗಳನ್ನು ಒಟ್ಟುಗೂಡಿಸಿದಾಗ ಯುನೈಟೆಡ್ ಬ್ರೂವರೀಸ್ ಹುಟ್ಟಿತು. ನಮ್ಮ ಹಳೆಯ ಕಲ್ಲುಮನೆಯ ಉಗ್ರಾಣ ಬೇಸಗೆಯಲ್ಲೂ ತಣ್ಣಗಿರುತ್ತದೆ. ಅಣ್ಣನ ಮಗನ ಗೂಡಿಗಿಂತ ಒಳ್ಳೆಯ ಜಾಗ. ಆದರೆ ಅಲ್ಲಿದ್ದುದು ಅಮ್ಮನ ಮಡಕೆಗಳು.

ಗುಂಡ್ಲುಪೇಟೆಯ ಕಡೆಯಿಂದ ಮದುವೆಯಾಗಿ ಬೆಟ್ಟ ಹತ್ತಿದ ಅಮ್ಮ ಹುಣಸೆಹಣ್ಣನ್ನು ಬೀಜ ತೆಗೆದು, ಉಪ್ಪು ಬೆರೆಸಿ, ಮಡಕೆಯಲ್ಲಿ ಒತ್ತಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಹೊಸ ಹುಣಸೆ ಹಲ್ಲು ಚುಳ್ಳೆನ್ನಿಸುತ್ತದೆ. ಮೂರು ವರ್ಷದ್ದು ಕಪ್ಪಗೆ, ಮೆತ್ತಗೆ, ಆಳವಾದ ಹುಳಿ. ಅದರ ಪಕ್ಕದಲ್ಲಿ ಹಳೆಯ ಬೆಲ್ಲ, ಬಾಣಂತಿಯರಿಗೆಂದು ಹಳೆಯ ಅಕ್ಕಿ, ಗಾಯಕ್ಕೆ ಹಚ್ಚಲು ಹಳೆಯ ತುಪ್ಪದ ಒಂದು ಪುಟ್ಟ ಭರಣಿ. ಅಮ್ಮ ಶಾಸ್ತ್ರ ಓದಿದವರಲ್ಲ, ಆದರೆ ಶಾರ್ಙ್ಗಧರ ಸಂಹಿತೆಯ ಮಾತು ಅವರ ಕೈಗೆ ಗೊತ್ತಿತ್ತು. ಔಷಧಕ್ಕೆ ಎಲ್ಲ ದ್ರವ್ಯವೂ ಹೊಸತಾಗಿರಬೇಕು, ವಾಯುವಿಳಂಗ, ಹಿಪ್ಪಲಿ, ಬೆಲ್ಲ, ಧಾನ್ಯ, ತುಪ್ಪ, ಜೇನು ಇವು ಮಾತ್ರ ಹಳತಾಗಿರಬೇಕು ಎನ್ನುತ್ತದೆ ಆ ಗ್ರಂಥ. ಆಸವಗಳು ಹಳತಾದಷ್ಟೂ ಗುಣವಂತ ಎಂದೂ ಸೇರಿಸುತ್ತದೆ. ಅಣ್ಣನ ಮಗನಿಗೆ ಇದನ್ನು ದೂರವಾಣಿಯಲ್ಲಿ ಹೇಳಿದಾಗ ಅವನು ಹಿಗ್ಗಿಹೋದ. ಹೇಳಬಾರದಿತ್ತೇನೋ.

ಏಕೆಂದರೆ ಸಂಗ್ರಹದ ಬಗ್ಗೆ ನಮ್ಮ ನಾಡಿನ ಇನ್ನೊಂದು ದನಿಯೂ ಉಂಟು, ಅದು ಶಾರ್ಙ್ಗಧರನಿಗಿಂತ ಖಾರವಾದುದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದೇವೆ. ಹಳೆಯ ಅಕ್ಕಿ ಹೊಸದಕ್ಕಿಂತ ಹಗುರ, ಜೀರ್ಣಕ್ಕೆ ಒಳ್ಳೆಯದು ಎಂದು ಯಾರಾದರೂ ವೈದ್ಯರು ಹೇಳಿದ್ದರೆ ಲಕ್ಕಮ್ಮ ಮನಸ್ಸು ಬದಲಿಸುತ್ತಿದ್ದಳೆ? ಇಲ್ಲವೆಂದೇ ನಮ್ಮ ನಂಬಿಕೆ. ಅವಳ ಆಕ್ಷೇಪ ಅಕ್ಕಿಯ ಗುಣದ ಮೇಲಲ್ಲ, ಅದನ್ನು ಕಟ್ಟಿಕೊಂಡು ಬಂದ ಮನಸ್ಸಿನ ಮೇಲೆ. ನಾಳೆಯ ಊಟಕ್ಕೆ ಈಗಲೇ ಭರವಸೆ ಬೇಕೆನ್ನುವವನು ನಾಳೆಯನ್ನೂ ನಂಬಲಿಲ್ಲ, ಕಾಯಕವನ್ನೂ ನಂಬಲಿಲ್ಲ.

ಹಾಗಾದರೆ ಅಮ್ಮ ತಪ್ಪಿತಸ್ಥಳೆ? ಬಹಳ ದಿನ ನಾವು ಇಲ್ಲೇ ಸಿಕ್ಕಿಕೊಂಡಿದ್ದೆವು. ಈಗ ಅನ್ನಿಸುವುದು ಹೀಗೆ. ಅಮ್ಮನ ಮಡಕೆಗೆ ಒಂದು ಓಟವಿತ್ತು: ಪ್ರತಿ ಬೇಸಗೆಯೂ ಹೊಸತು ಕೆಳಗೆ, ಹಳತು ಮೇಲೆ; ಕೇರಿಯಲ್ಲಿ ಯಾರಿಗೆ ಹೆರಿಗೆಯಾದರೂ ಮುಷ್ಟಿಯಷ್ಟು ಹೊರಗೆ. ಅದು ಹರಿಯುವ ಸಂಗ್ರಹ. ಬೆಲ್ಜಿಯಮ್ಮಿನ ವೆಸ್ಟ್‌ವ್ಲೆಟರೆನ್ ಮಠದ ಸಂನ್ಯಾಸಿಗಳ ನಡೆಯಲ್ಲಿ ಇದರದೇ ಇನ್ನೊಂದು ಮುಖ ಕಾಣುತ್ತದೆ. ಅವರ ಕಪ್ಪು ಬಿಯರು ಜಗತ್ತಿನಲ್ಲೇ ಶ್ರೇಷ್ಠವೆಂದು ಹೆಸರಾಗಿ ಕೊಳ್ಳುವವರ ಸಾಲು ಬೆಳೆದಾಗಲೂ ಅವರು ತಯಾರಿಕೆಯನ್ನು ಹೆಚ್ಚಿಸಲಿಲ್ಲ. ಮಠದ ಜೀವನಕ್ಕೆ ಸಾಕಾಗುವಷ್ಟೇ ಮಾಡಿ, ಲಾಭಕ್ಕೆ ಮರುಮಾರಾಟ ಮಾಡಬೇಡಿರೆಂದು ಕೊಳ್ಳುವವರಲ್ಲಿ ಕೇಳಿಕೊಂಡರು. ಆದರೂ ಅದು ಹಲವು ಪಟ್ಟು ಬೆಲೆಗೆ ಕೈಬದಲಾಗುತ್ತದೆ. ಅಪರೂಪದ ಬಾಟಲಿಯನ್ನು ಹೊಂದಿರುವುದೇ ಸುಖವಾದಾಗ ಅದರೊಳಗಿನ ದ್ರವ ಒಂದು ನೆಪ. ಅಣ್ಣನ ಮಗನ ಗೂಡಿನಲ್ಲಿ ಅಂಥ ನೆಪಗಳು ಹತ್ತಿಪ್ಪತ್ತಾದರೂ ಇದ್ದವು, ಅವನೇ ಒಪ್ಪಿಕೊಂಡಿದ್ದಾನೆ. (ನಮ್ಮ ಸಂಘದ ಕಪಾಟಿನಲ್ಲಿ ಹಿಂದಿನ ಸಮಾವೇಶಗಳ ಸ್ಮರಣ ಸಂಚಿಕೆಗಳು ಸೆಣಬಿನ ದಾರವನ್ನೂ ಬಿಚ್ಚದ ಕಟ್ಟುಗಳಾಗಿ ಕುಳಿತಿರುವುದನ್ನು ಇಲ್ಲಿ ನೆನೆಸಿಕೊಳ್ಳದಿರುವುದು ಕಷ್ಟ.)

ಆದರೆ ನಮ್ಮನ್ನು ಕಾಡಿದ ಬಾಟಲಿ ಆ ಹತ್ತಿಪ್ಪತ್ತರಲ್ಲಿ ಸೇರಿದ್ದಲ್ಲ.

2011ರಲ್ಲಿ ಅಣ್ಣ ನಿವೃತ್ತರಾದರು. ಆ ವರ್ಷ ಮಗ ಒಂದು ಇಂಪೀರಿಯಲ್ ಸ್ಟೌಟ್ ಕೊಂಡು, ಚೀಟಿಯಲ್ಲಿ 'ಅಪ್ಪ ಬಂದಾಗ' ಎಂದು ಬರೆದಿಟ್ಟ. ಅಣ್ಣ ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ಸುದ್ದಿ ಕೇಳಿ ನಕ್ಕು, ಒಂದು ಉದ್ಧರಣೆಯಷ್ಟಾದರೆ ದೋಷವಿಲ್ಲ, ಬರುತ್ತೇನೆ ಎಂದರು. ಅತ್ತಿಗೆ ಎರಡು ದಿನ ಮಾತು ಬಿಟ್ಟರು. ಮುಂದೆ ಮೊಣಕಾಲು ನೋವು ಬಂತು. ಆಮೇಲೆ ಮನೆಯ ಮಾಡು ಸೋರಿತು. ಆಮೇಲೆ ಅತ್ತಿಗೆಯ ಶಸ್ತ್ರಚಿಕಿತ್ಸೆ. ಪ್ರತಿ ಬಾರಿ ಪ್ರಯಾಣ ಮುಂದಕ್ಕೆ ಹೋದಾಗಲೂ ಅಣ್ಣ ದೂರವಾಣಿಯಲ್ಲಿ ಹೇಳುತ್ತಿದ್ದುದು ಒಂದೇ ಮಾತು: "ಆ ಬಾಟಲಿ ಇನ್ನೂ ಸ್ವಲ್ಪ ಹಣ್ಣಾಗಲಿ ಬಿಡು." ಅದು ಮನೆಯ ವಿನೋದವಾಗಿಬಿಟ್ಟಿತು. 2020ರ ಏಪ್ರಿಲ್ ತಿಂಗಳಿಗೆ ಟಿಕೇಟು ಕೊಂಡಿದ್ದರು. ವಿಮಾನಗಳು ನಿಂತವು. ಮರುವರ್ಷ ಅಣ್ಣ ಹೃದಯಾಘಾತದಿಂದ ತೀರಿಕೊಂಡರು. ಪ್ರಯಾಣದ ನಿರ್ಬಂಧಗಳ ನಡುವೆ ಮಗ ಸಂಸ್ಕಾರಕ್ಕೆ ಬರಲಾಗಲಿಲ್ಲ. ಚಿತೆಯನ್ನು ಅವನು ಕೈಯಂಗೈಯಗಲದ ಪರದೆಯಲ್ಲಿ ನೋಡಿದ.

ತಿಂಗಳುಗಳಾದ ಮೇಲೆ ಅವನು ನಮಗೆ ಒಂದು ವಿಷಯ ಹೇಳಿದ. ಅದೇ ಬಿಯರಿನ, ಅದೇ ವರ್ಷದ ಇನ್ನೊಂದು ಬಾಟಲಿಯನ್ನು 2017ರಲ್ಲಿ ಗೆಳೆಯನ ಮನೆಯಲ್ಲಿ ತೆರೆದಿದ್ದರಂತೆ. ಅದು ಶಿಖರದಲ್ಲಿತ್ತು, ಇನ್ನು ಇಳಿಯುವುದೇ ಎಂದು ನಾಲಿಗೆಗೆ ತಿಳಿದಿತ್ತು. ಅಪ್ಪನಿಗೆ ಆ ಮಾತು ಹೇಳಲಿಲ್ಲ. ಹೇಳಿದರೆ ಅವಸರಪಡಿಸಿದಂತಾಗುತ್ತದೆ, ಮೊಣಕಾಲು ನೋವಿನವರಿಗೆ ಅದು ಭಾರವಾದೀತು ಎಂದುಕೊಂಡ. 'ಹಣ್ಣಾಗಲಿ' ಎಂದಾಗಲೆಲ್ಲ 'ಸರಿಯಪ್ಪ' ಎನ್ನುತ್ತ ಬಂದ.

ಅವನು ಕೇಳಿದ್ದು ಎರಡು ಪ್ರಶ್ನೆ. ಹೇಳಬೇಕಿತ್ತೆ? ಈಗ ಆ ಬಾಟಲಿಯನ್ನು ಏನು ಮಾಡಲಿ?

ಮೊದಲನೆಯದಕ್ಕೆ ಅವನನ್ನು ಸಮಾಧಾನಪಡಿಸುವ ಉತ್ತರ ಸುಲಭವಾಗಿತ್ತು. ನಾವು ಕೊಡಲಿಲ್ಲ. ಹೇಳಬೇಕಿತ್ತು ಎಂದೇ ಬರೆದೆವು. ಕಾಯುವುದು ಇಬ್ಬರ ನಡುವಿನ ಒಪ್ಪಂದವಾದಾಗ, ಕಾಯುವ ವಸ್ತುವಿಗೆ ಗಡುವು ಉಂಟೆಂದು ತಿಳಿದವನು ಅದನ್ನು ತಿಳಿಸಬೇಕು. ತಿಳಿಸದಿದ್ದರೆ ಇನ್ನೊಬ್ಬನು ಕಾಯುತ್ತಿರುವುದು ಇಲ್ಲದ ದಿನಕ್ಕೆ. ಅದೇ ಪತ್ರದಲ್ಲಿ ನಮ್ಮ ಪಾಲನ್ನೂ ಬರೆಯಬೇಕಾಯಿತು. ಅಣ್ಣನಿಗೆ ವಿಮಾನವೆಂದರೆ ಭಯ. ಮೊಣಕಾಲು ಅದರ ಮುಖವಾಡ. ಅದು ನಮಗೆ ಮೊದಲಿನಿಂದಲೂ ಗೊತ್ತಿತ್ತು. ಮಗನಿಗೆ ಒಂದು ಮಾತು ಹೇಳಿದ್ದರೆ ಅವನೇ ಊಟಿಗೆ ಆ ಬಾಟಲಿ ತರುತ್ತಿದ್ದ. ಹಿರಿಯರ ಮರ್ಯಾದೆ ಎಂದು ನಾವೂ ಬಾಯಿ ಮುಚ್ಚಿದ್ದೆವು. ಪ್ರೀತಿಯ ಮನೆಗಳಲ್ಲಿ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುವುದು ಇಂಥ ದಾಕ್ಷಿಣ್ಯವೇ ಎಂದು ಈಗ ತೋರುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರ ಆರಾಮಕ್ಕೆಂದು ಸುಮ್ಮನಿದ್ದು, ಒಟ್ಟಿಗೆ ಹತ್ತು ವರ್ಷ ಕಳೆದುಬಿಟ್ಟೆವು.

ಎರಡನೆಯ ಪ್ರಶ್ನೆಗೆ ಹೆಚ್ಚು ಯೋಚಿಸಬೇಕಾಯಿತು. ತೆರೆಯದೆ ಇಡುವುದರಲ್ಲಿ ಗೌರವವಿದೆಯೆಂದು ಮಗನ ಮನಸ್ಸು. ಅಪ್ಪನಿಗೆಂದು ಇಟ್ಟದ್ದನ್ನು ಬೇರೆಯವರು ಕುಡಿಯುವುದು ಹೇಗೆ? ನಮಗೆ ಹಾಗೆ ಕಾಣಲಿಲ್ಲ. ಶ್ರಾದ್ಧದಲ್ಲಿ ನಾವು ಪಿತೃಗಳಿಗೆಂದು ಮಾಡಿದ ಅಡಿಗೆಯನ್ನು ಬೀಗ ಹಾಕಿ ಇಡುವುದಿಲ್ಲ. ಅವರ ಹೆಸರು ಹೇಳಿ, ಕಾಗೆಗೆ ಇಟ್ಟು, ಕುಳಿತು ಉಣ್ಣುತ್ತೇವೆ. ಸತ್ತವರ ಪಾಲು ಇದ್ದವರ ಬಾಯಿಯ ಮೂಲಕವೇ ಸಲ್ಲಬೇಕು. ಮುಚ್ಚಿದ ಬಾಟಲಿಯಲ್ಲಿ ಉಳಿಯುವುದು ಅಪ್ಪನಲ್ಲ, 2017ರಲ್ಲಿ ಆಡದೆ ಉಳಿದ ಮಾತು. ಇಷ್ಟು ಬರೆದು, ನಾವು ಬರುವವರೆಗೆ ತೆರೆಯಬೇಡವೆಂದೂ ಸೇರಿಸಿದೆವು. ಮತ್ತೆ ಅದೇ ಕಾಯಿಸುವ ಚಾಳಿ! ಆದರೆ ಈ ಬಾರಿ ಟಿಕೇಟಿನ ದಿನಾಂಕವನ್ನೂ ಬರೆದಿದ್ದೆವು.

2023ರ ಅಕ್ಟೋಬರಿನಲ್ಲಿ ಅತ್ತಿಗೆಯನ್ನು ಕರೆದುಕೊಂಡು ಹೋದೆವು. ತಲುಪಿದ ಮೂರನೆಯ ಸಂಜೆ ಅವನು ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟ. ಅಣ್ಣನ ಚಿತ್ರ ತರಲೇ ಎಂದ, ಅತ್ತಿಗೆ ಬೇಡವೆಂದರು. ಮುಚ್ಚಳ ತೆಗೆದಾಗ ಸದ್ದು ಬರಲಿಲ್ಲವೆಂದೇ ಹೇಳಬೇಕು. ನೊರೆಯೂ ಇಲ್ಲ. ಗಾಜಿನ ಲೋಟದಲ್ಲಿ ಎಣ್ಣೆಯಂತೆ ಕಪ್ಪಗೆ, ಅಲುಗದೆ ನಿಂತಿತು. ಅವನು ಮೂಸಿ ನೋಡಿದ, ಮುಖದಲ್ಲೇ ಗೊತ್ತಾಯಿತು. ಸೋಯಾ, ಒದ್ದೆ ರಟ್ಟು. ಹೋಗಿಬಿಟ್ಟಿದೆ ಎಂದ.

ಲೋಟ ಕೈಯಿಂದ ಕೈಗೆ ಬಂತು. ನಮ್ಮ ಮೂಗಿಗೆ ಮೊದಲು ತಾಗಿದ್ದು ಅವನು ಹೇಳಿದ ರಟ್ಟೇ. ಅದರ ಹಿಂದೆ ಬಹಳ ಪರಿಚಯದ ಇನ್ನೊಂದು ಇತ್ತು, ಹೆಸರು ಹೊಳೆಯಲಿಲ್ಲ. ಅತ್ತಿಗೆ ಒಂದು ಕ್ಷಣ ಮೂಸಿ, "ಅತ್ತೆಯವರ ಹುಣಸೆಹಣ್ಣಿನ ಮಡಕೆ," ಎಂದರು. ಹೌದು, ಅದೇ. ತಳ ಕಂಡ ಮಡಕೆಯ ವಾಸನೆ. ಅವರು ಚಮಚ ತರಿಸಿಕೊಂಡು, ಒಂದು ತೊಟ್ಟು ನಾಲಿಗೆಗೆ ಸೋಕಿಸಿ, ಮುಖ ಕಿವಿಚಿ, "ಇದಕ್ಕಾ ಹನ್ನೆರಡು ವರ್ಷ ಕಾದದ್ದು?" ಎಂದರು. ಮಗ ನಕ್ಕ. ನಗು ನಿಲ್ಲಿಸಲಾಗದೆ ಎದ್ದು ಅಡಿಗೆಮನೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ನಾವು ಯಾರೂ ಹಿಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನಾವು ಎದ್ದು ಬರುವಾಗ ಅವನು ಮೆಟ್ಟಿಲಿನ ಕೆಳಗೆ ನೆಲದ ಮೇಲೆ ಕುಳಿತು ಚೀಟಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. 'ನಂತರ' ಎಂಬುದನ್ನು ಹೊಡೆದು 'ಒಳಗೆ' ಎಂದು ಬರೆಯುತ್ತಿದ್ದ. ಮಗಳು ಹುಟ್ಟಿದ ವರ್ಷದ್ದೊಂದು ಇದೆ. ಅದಕ್ಕೆ ಯಾವ ವರ್ಷ ಬರೆಯಲೆಂದು ನಮ್ಮನ್ನು ಕೇಳಿದ. ಅವಳನ್ನೇ ಕೇಳು ಎಂದೆವು. ಅವಳಿಗೆ ಈಗ ಒಂಬತ್ತು. ಕಿತ್ತಳೆ ರಸವಾದರೆ ಇವತ್ತೇ ತೆರೆಯೋಣ ಎಂದಳಂತೆ.

ಖಾಲಿ ಬಾಟಲಿಯನ್ನು ಅತ್ತಿಗೆ ತೊಳೆದು, ಸೀರೆಯ ಮಡಿಕೆಯಲ್ಲಿ ಸುತ್ತಿ ಊಟಿಗೆ ತಂದಿದ್ದಾರೆ. ಕಂದು ಗಾಜು, ಬೆಳಕು ತಾಗುವುದಿಲ್ಲ. ಅದರಲ್ಲಿ ಈಗ ತಲೆಗೆ ಹಚ್ಚುವ ಹರಳೆಣ್ಣೆ ಇದೆ.